ತೂಕದ ಚೀಟಿಯ ಬೆನ್ನಿಗೆ

ಬರೆದುಕೋ, ಅಂದಳು ಅಸೆಲೆಫೆಚ್.
ಆಡಿಸ್ ಅಬಾಬಾದ ಅಂಚು, ಕಾಲಿತಿಯ ಗೋದಾಮು,
ಉಣ್ಣುವ ಹೊತ್ತು,
ತಗಡಿನ ಮಾಡಿನ ಕೆಳಗೆ ನೂರು ಹೆಂಗಸರ ಕೆಮ್ಮು.
ನನಗೆ ಅಕ್ಷರ ಬರುತ್ತದೆ, ಅವಳಿಗೆ ಬಾರದು.
ಅವಳಿಗೆ ಬರುವುದು ಎಷ್ಟು ವರ್ಷ ಕೂತರೂ ನನಗೆ ಬಾರದು:
ಕಣ್ಣು ಬಾಗಿಲ ಕಡೆ, ಬಾಯಿ ಮಾತಿನಲ್ಲಿ,
ಕೈ ತನ್ನ ಪಾಡಿಗೆ ಹುಳುಕು ಹೆಕ್ಕುತ್ತಿರುತ್ತದೆ.

ಹತ್ತೊಂಬತ್ತು ವರ್ಷ ಕಾಫಿಬೀಜ ಆರಿಸಿದ್ದಾಳೆ.
ಕಾಫಿಗಿಡ ನೋಡಿಲ್ಲ.
ಮೂಟೆಯ ಮೇಲೆ ಹೋಗುವ ಊರಿನ ಹೆಸರು ದಪ್ಪಕ್ಕೆ,
ಹ್ಯಾಂಬರ್ಗ್, ಯೊಕೊಹಾಮಾ.
ಬಂದ ಊರಿನದು ಸಣ್ಣ ಚೀಟಿ, ಅದೂ ಅರ್ಧ ಹರಿದದ್ದು.
ಒಳ್ಳೆಯದೆಲ್ಲ ಹಡಗು ಹತ್ತುತ್ತದೆ.
ನಾವು ಆಯ್ದು ಎಸೆದದ್ದು ಸಂತೆಗೆ ಹೋಗಿ
ಸುತ್ತಿ ಬಳಸಿ ನಮ್ಮ ಜೆಬೆನಾಕ್ಕೇ ಬಂದು ಕುದಿಯುತ್ತದೆ.
ಕುಡಿಯುತ್ತೇವೆ, ಮೂರು ಸುತ್ತು,
ಹೆಸರಿಡದೆ.

ಈಗೇಕೆ ಹೊರಟೆ, ಕೇಳಿದೆ.
ಹೊದ್ದ ನೆತೆಲಾದ ಅಂಚಿನ ಗಂಟು ಬಿಚ್ಚಿದಳು.
ಒಂದು ನೀಲಿ ಗುಂಡಿ.
ನಾಲ್ಕು ತೂತು, ಒಂದರಲ್ಲಿ ಇನ್ನೂ ಚೂರು ದಾರ.
ಹೋದ ವರ್ಷ ಮೂಟೆಯಲ್ಲಿ ಸಿಕ್ಕಿದ್ದು, ಕೊಚೆರೆ ಕಡೆಯದು.
ಕಲ್ಲು ಸಿಗುತ್ತದೆ, ಮೊಳೆ, ಜೋಳದ ಕಾಳು,
ಒಮ್ಮೆ ಮಗುವಿನ ಹಾಲುಹಲ್ಲು.
ಎಲ್ಲ ಎಸೆದಿದ್ದಾಳೆ. ಇದನ್ನು ಮಾತ್ರ
ಯಾವ ರಾಶಿಗೆ ಹಾಕುವುದೆಂದು ತಿಳಿಯಲಿಲ್ಲ.
ಒಳ್ಳೆಯದಲ್ಲ. ಕೆಟ್ಟದ್ದೂ ಅಲ್ಲ.
ಯಾರದೋ.

ಸರಿ, ಬರೆದೆ.
ಹೋಗುವುದು ಹಿದಾರ್ ತಿಂಗಳಲ್ಲಿ, ಹಣ್ಣು ಕೆಂಪಾದಾಗ.
ಅದಕ್ಕೆ ಮುಂಚೆ ಕೆಸರು, ಲಾರಿಯೇ ಹೂತುಹೋಗುತ್ತದೆ
ಎಂದವನು ದುಕಾಲೆ, ಲಾರಿ ಕ್ಲೀನರು, ಅಲ್ಲಿಯವನೇ.
ದುಡ್ಡು: ಇಕುಬ್ ಚೀಟಿ ಈ ಸಲ ಅವಳ ಹೆಸರಿಗೆ ಎದ್ದರೆ.
ಏಳದಿದ್ದರೆ?
ಅದನ್ನು ಬರೆಯಬೇಡ.
ಬಸ್ಸು: ರಾತ್ರಿ ಹನ್ನೊಂದಕ್ಕೆ. ನಮ್ಮ ಹನ್ನೊಂದು,
ಕೋಳಿ ಕೂಗುವ ಹೊತ್ತು, ಪರದೇಶದವರ ಗಡಿಯಾರಕ್ಕೆ ಐದು.
ಎಡಗಡೆ ಕಿಟಕಿ, ಜಿವಾಯ್ ಸರೋವರ ಕಾಣುವ ಹಾಗೆ.
ದಿಲ್ಲಾದಲ್ಲಿ ರಾತ್ರಿ, ದುಕಾಲೆಯ ಚಿಕ್ಕಮ್ಮನ ಮನೆ.
ಬರಿಗೈಲಿ ಹೋಗಬಾರದು,
ಎರಡು ಕಿಲೋ ಸಕ್ಕರೆ, ಒಂದು ಕಟ್ಟು ಸಾಬೂನು.
ಒಂದಿಷ್ಟು ಕಾಫಿ? ಅಂದೆ.
ನಕ್ಕುಬಿಟ್ಟಳು.
ಅವರದೇ ಹುಳುಕನ್ನು ಅವರ ಮನೆಗೆ ಹೊತ್ತುಕೊಂಡು ಹೋಗಲೇ?

ಅಲ್ಲಿಯ ಮಾತು ಗೆದೆಯೊ, ನಿನಗೆ ಬಾರದಲ್ಲ.
ಗುಂಡಿ ತೋರಿಸುತ್ತೇನೆ. ಗುಂಡಿಗೆ ಯಾವ ಭಾಷೆ?
ಸಾವಿರ ಜನ ಹಣ್ಣು ಕೀಳುತ್ತಾರೆ ಅಸೆಲೆಫೆಚ್,
ಎಲ್ಲರ ಅಂಗಿಯಲ್ಲೂ ಒಂದಲ್ಲ ಒಂದು ಗುಂಡಿ
ಕಿತ್ತುಹೋಗಿರುತ್ತದೆ.
ಒಳ್ಳೆಯದೇ ಆಯಿತು, ಅಂದಳು,
ಯಾರಿಗೆ ಕೊಟ್ಟರೂ ನಡೆಯುತ್ತದೆ.

ಗಂಟೆ ಹೊಡೆಯಿತು. ಮೇಸ್ತ್ರಿ ತದೆಲೆ ಬಾಗಿಲಲ್ಲಿ ನಿಂತ.
ಮಡಿಲಿನ ಹೊಟ್ಟು ಕೊಡವಿ ಎದ್ದವಳು
ಮತ್ತೆ ಬಗ್ಗಿ, ಸಣ್ಣ ದನಿಯಲ್ಲಿ:
ಗಿಡದ ಮೇಲಿರುವಾಗ
ಯಾವುದು ಕೆಟ್ಟದ್ದು ಅಂತ ಗೊತ್ತಾಗುತ್ತದಾ?
ದುಕಾಲೆಯನ್ನು ಕೇಳು.
ಕೇಳಿದೆ. ಗೊತ್ತಾಗುವುದಿಲ್ಲವಂತೆ.
ಎಲ್ಲ ಒಂದೇ ಸಮ ಕೆಂಪಗೆ ಇರುತ್ತವಂತೆ.
ತನ್ನ ಬೆರಳುಗಳನ್ನೇ ನೋಡಿಕೊಂಡಳು, ಸ್ವಲ್ಪ ಹೆದರಿದವಳ ಹಾಗೆ,
ಅಲ್ಲಿ ಹೋಗಿ ಇವು ಸುಮ್ಮನೆ ಹೇಗೆ ಇದ್ದಾವು ಎಂಬಂತೆ.

ಆಮೇಲೆ ಕೆಲಸ.
ಬೀಜ ತಟ್ಟೆಗೆ ಬೀಳುವ ಸದ್ದು, ಸಣ್ಣ ಆಲಿಕಲ್ಲು ಬಿದ್ದ ಹಾಗೆ.
ಸಂಜೆ ನಾಲ್ಕನೆಯ ಮೂಟೆ ಸುರಿಯುವಾಗ
ಮೇಜಿನ ಆ ಕೊನೆಯಿಂದ ಕೂಗಿದಳು, ತದೆಲೆಗೂ ಕೇಳುವಂತೆ:
ಸೂಜಿ! ಸೂಜಿ ಮರೆತೆವು!

ಚೀಟಿಯ ಬೆನ್ನಲ್ಲಿ ಜಾಗವಿರಲಿಲ್ಲ.
ತಿರುಗಿಸಿ, ಅವಳ ಇವತ್ತಿನ ತೂಕದ ಕೆಳಗೆ
ಬರೆದೆ.